ಹಲಸಿನ ಮೇಣದ ಮೇಲೆ ಹೆಬ್ಬೆರಳು

ಪುಟ್ಟ ಡಬ್ಬಿಯ ಮುಚ್ಚಳದ ಸುತ್ತ ಮೆತ್ತಿದ್ದ ಕಂದು ಅಂಟನ್ನು ಸರ್ವಮಂಗಳಾ ಕೂದಲಿನ ಪಿನ್ನಿನಿಂದ ಎಬ್ಬಿಸುತ್ತಿದ್ದಳು. ಸೋಲ್ಡರ್ ಕಡ್ಡಿಯ ಬಿಸಿಯನ್ನು ಒಂದಿಷ್ಟು ತೋರಿಸಿದರೆ ಅಂಟು ಮೆತ್ತಗಾಗುತ್ತಿತ್ತು. ಹೆಚ್ಚು ತೋರಿಸಿದರೆ ಒಳಗಿರುವುದೆಲ್ಲ ಸುಟ್ಟುಹೋಗುತ್ತಿತ್ತು. ಭಾನುವಾರ ಬೆಳಗ್ಗೆ ಎಂಟು ಗಂಟೆ. ಕಾಲೇಜು ಮಕ್ಕಳ ಗಲಾಟೆ ಇಲ್ಲದೆ ಬಾಳಗಡಿಯ ರಸ್ತೆ ಖಾಲಿಯಾಗಿತ್ತು. ಶಟರನ್ನು ಅರ್ಧ ಮಾತ್ರ ಎತ್ತಿ, ಕೆಳಗಿನಿಂದ ಬರುವ ಬೆಳಕಿಗೆ ಮೇಜು ಎಳೆದುಕೊಂಡು ಕೂತಿದ್ದಳು.

ಬಿಸಿಗೆ ಅಂಟು ವಾಸನೆ ಬಿಟ್ಟಿತು. ಅವಳು ಪಿನ್ನನ್ನು ಮೂಗಿನ ಹತ್ತಿರ ತಂದಳು.

ಹಲಸಿನ ಮೇಣ.

ಅವಳ ಅತ್ತೆ ತೂತುಬಿದ್ದ ಬಕೆಟ್ಟಿಗೆ ಹಚ್ಚುತ್ತಿದ್ದದ್ದು ಇದನ್ನೇ. ಹಣ್ಣು ಬಿಡಿಸುವಾಗ ಕಡ್ಡಿಗೆ ಸುತ್ತಿಟ್ಟುಕೊಂಡು, ಬೇಕಾದಾಗ ಕೆಂಡಕ್ಕೆ ಹಿಡಿದು ಕರಗಿಸಿ ಒತ್ತುವುದು. ಆದರೆ ಆಟದ ರಿಮೋಟ್ ಟ್ರಕ್ಕಿನ ಒಳಗೆ, ರಿಮೋಟಿನ ಸಂಕೇತ ಹಿಡಿಯುವ ಡಬ್ಬಿಗೆ ನೀರು ಹೋಗದಂತೆ ಯಾರಾದರೂ ಇದನ್ನು ಮೆತ್ತಿದ್ದನ್ನು ಅವಳು ಕಂಡಿರಲಿಲ್ಲ. ಮುಚ್ಚಳ ಕಳಚಿ ಬಂದಾಗ ಒಳಗೆ ಒಂದು ಹನಿ ನೀರಿರಲಿಲ್ಲ. ಉಳಿದ ಟ್ರಕ್ಕೆಲ್ಲ ಕೆಸರು ನೀರಲ್ಲಿ ನೆನೆದು ತುಕ್ಕು ಹಿಡಿದಿತ್ತು.

"ಎಂಥ ತಲೆ ಮಾರಾಯ್ತಿ ನಿಂದು," ಎಂದು ಅವಳು ತನಗೇ ಕೇಳುವಷ್ಟು ಮೆಲ್ಲಗೆ ಹೇಳಿದಳು. ಹೇಳಿದ ಮೇಲೆ, ಇದನ್ನು ಮಾಡಿದ್ದು ಹೆಂಗಸು ಎಂದು ತಾನೇಕೆ ಅಂದುಕೊಂಡೆ ಎಂದು ಯೋಚಿಸಿದಳು.

ಹದಿನೆಂಟು ದಿನಗಳ ಹಿಂದೆ, ನರಸಿಂಹರಾಜಪುರದ ಅಡಿಕೆ ಮಂಡಿಯ ಯಜಮಾನ ರೇಣುಕಪ್ಪನವರ ಒಳಕೋಣೆಯಿಂದ ಜಮೀನು ಪತ್ರಗಳ ತಗಡಿನ ಪೆಟ್ಟಿಗೆ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಮಾಯವಾಗಿತ್ತು. ಬೀಗ ಮುರಿದಿರಲಿಲ್ಲ. ಕೀಲಿ ಇದ್ದದ್ದು ಗುಮಾಸ್ತೆ ಚೈತ್ರಳ ಕೈಯಲ್ಲಿ.

ಆ ಚೈತ್ರ ಸರ್ವಮಂಗಳಾಳ ಅಂಗಡಿಯ ಹಿಂದಿನ ಕೋಣೆಯಲ್ಲಿ ಎರಡು ವರ್ಷದಿಂದ ಬಾಡಿಗೆಗಿದ್ದ ಇಪ್ಪತ್ತಾರರ ಹುಡುಗಿ. ನಾಳೆ ಸೋಮವಾರ ಹನ್ನೊಂದಕ್ಕೆ ಠಾಣೆಗೆ ಬರಬೇಕೆಂದು ಹೇಳಿಕಳಿಸಿದ್ದರು. ಈ ಸಲ ಹೋದರೆ ಸಂಜೆಗೆ ವಾಪಸು ಕಳಿಸುವುದಿಲ್ಲ ಎಂದು ಮಂಡಿಯ ಹಮಾಲರೂ ಮಾತಾಡಿಕೊಳ್ಳುತ್ತಿದ್ದರು.

ಸರ್ವಮಂಗಳಾಳ ಕೈಯಲ್ಲಿದ್ದ ಆಧಾರ ಒಂದೇ. ಒಳಕೋಣೆಯ ನೆಲ ತೊಳೆದ ನೀರು ಹೊರಗೆ ಹೋಗಲು ಗೋಡೆಯ ಬುಡದಲ್ಲೊಂದು ಚೌಕದ ಕಂಡಿ ಇದೆ, ಆ ಪೆಟ್ಟಿಗೆ ತೂರುವಷ್ಟು ಅಗಲದ್ದು. ಅಲ್ಲಿಂದ ಹತ್ತಡಿ ಮುಚ್ಚಿದ ಚರಂಡಿ, ನಡುವೆ ಒಂದು ತಿರುವು, ಆಮೇಲೆ ಹಿತ್ತಿಲು. ಆ ಬಾಯಿಯ ಕೆಸರಿನಲ್ಲಿ ಎರಡು ಬೆರಳಗಲದ ಟೈರಿನ ಗುರುತು ಅವಳ ಕಣ್ಣಿಗೆ ಬಿದ್ದಿತ್ತು, ಟ್ರ್ಯಾಕ್ಟರನ್ನು ಕುಗ್ಗಿಸಿ ಓಡಿಸಿದ ಹಾಗೆ. ಹುಡುಕುತ್ತ ಹೋದಾಗ ಆ ಟೈರುಗಳ ಟ್ರಕ್ಕು ಸಿಕ್ಕಿದ್ದು ಶೆಟ್ಟಿಕೊಪ್ಪದ ವಾಸಪ್ಪನ ಗುಜರಿಯಲ್ಲಿ, ಗೋಣಿಚೀಲದೊಳಗೆ, ರಿಮೋಟಿನ ಜೊತೆ.

ಕೀಲಿ ಇದ್ದವಳು ಚರಂಡಿಯೊಳಗೆ ಟ್ರಕ್ಕು ಬಿಡುವುದೇಕೆ? ಸರ್ವಮಂಗಳಾಳ ವಾದವೆಲ್ಲ ಇಷ್ಟೇ. ಆದರೆ ಸಬ್ ಇನ್ಸ್‌ಪೆಕ್ಟರ್ ಅದನ್ನು ಕೇಳಿ ನಕ್ಕಿದ್ದರು. ಮಕ್ಕಳ ಆಟದ ಸಾಮಾನು ಮೂರು ಕೆಜಿಯ ಪೆಟ್ಟಿಗೆ ಎಳೆಯುತ್ತದೆಯೇ ಅಮ್ಮ ಎಂದಿದ್ದರು. ಹಾಗಾಗಿ ಅದನ್ನು ಎಳೆಸಿ ತೋರಿಸಬೇಕಿತ್ತು. ಮುರಿದು ಬಿದ್ದದ್ದನ್ನು ಮತ್ತೆ ಎಬ್ಬಿಸಬೇಕಿತ್ತು.

ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ, ಬಿಚ್ಚಿದ್ದನ್ನೆಲ್ಲ ಬಿಚ್ಚಿದ ಕ್ರಮದಲ್ಲೇ ಜೋಡಿಸಿಟ್ಟಿದ್ದಳು. ಮೊಳದುದ್ದದ ಟ್ರಕ್ಕು. ಇಪ್ಪತ್ತೆರಡು ವರ್ಷದಿಂದ ಮಿಕ್ಸಿ, ಗ್ರೈಂಡರು, ಪಂಪ್‌ಸೆಟ್ ಬಿಚ್ಚಿದ ಕೈ ಅವಳದು. ಅಂಗಡಿಯ ಬೋರ್ಡಿನ ಮೇಲೆ ಈಗಲೂ ಗಂಡ ಸುಂದರೇಶನ ಹೆಸರೇ ಇದೆ. ಅವನು ಸೊಸೈಟಿಯ ನೌಕರಿ ಹಿಡಿದು ಹತ್ತು ವರ್ಷವಾದರೂ ಗಿರಾಕಿಗಳು ಅವಳ ಹೆಗಲಾಚೆ ಇಣುಕಿ ಮೆಕ್ಯಾನಿಕ್ ಇಲ್ವಾ ಎಂದು ಕೇಳುತ್ತಾರೆ. ಆದ್ದರಿಂದಲೋ ಏನೋ, ಕಣ್ಣಿಗೆ ಕಾಣದ ಕೈಯ ಕೆಲಸವನ್ನು ಓದುವುದು ಅವಳಿಗೆ ರೂಢಿ.

ಈ ಕೈ ಸಾಮಾನ್ಯದ್ದಲ್ಲ. ಹಳೆಯ ಸಣ್ಣ ಮೋಟಾರು ತೆಗೆದು, ಕೆಟ್ಟ ಡ್ರಿಲ್ ಮಿಷನ್ನಿನ ಮೋಟಾರನ್ನು ಕೂರಿಸಿತ್ತು. ಅದು ದಪ್ಪಗಿದ್ದರಿಂದ ಅಡಿಯ ತಗಡನ್ನು ಕೂದಲೆಳೆಯಷ್ಟು ಉಜ್ಜಿ ಜಾಗ ಮಾಡಿತ್ತು. ಬ್ಯಾಟರಿಗೆ ಔಷಧಿ ಹೊಡೆಯುವ ಸ್ಪ್ರೇಯರಿನ ಸೆಲ್ಲುಗಳು. ಮೇಲೆ ಪುಟ್ಟ ಕ್ಯಾಮೆರಾ ಕೂರಿಸಲು ನಾಲ್ಕು ತೂತು, ಹಿಂದುಗಡೆ ಛತ್ರಿಯ ಕಡ್ಡಿ ಬಗ್ಗಿಸಿದ ಕೊಕ್ಕೆ. ಎಲ್ಲಕ್ಕಿಂತ ಹೆಚ್ಚಾಗಿ, ಮೋಟಾರಿನ ಮೂತಿಗೆ ಹಿತ್ತಾಳೆಯ ಒಂದು ಗೇರು. ಅಂಗಡಿಯದ್ದಲ್ಲ. ಹಳೇ ನಲ್ಲಿಯ ತುಂಡನ್ನು ಅರದಿಂದ ಉಜ್ಜಿ ಉಜ್ಜಿ ಹದಿನಾಲ್ಕು ಹಲ್ಲು ತೆಗೆದದ್ದು. ಭೂತಗನ್ನಡಿ ಇಟ್ಟು ನೋಡಿದರೂ ಒಂದು ಹಲ್ಲು ಇನ್ನೊಂದಕ್ಕಿಂತ ಸಣ್ಣದಿಲ್ಲ. ಅದನ್ನು ಅಂಗೈಯಲ್ಲಿಟ್ಟುಕೊಂಡು ಮೊನ್ನೆ ಅವಳು ಅನ್ನ ಸೀಯುವ ತನಕ ಕೂತಿದ್ದಳು.

ಇನ್ನೊಂದು ವಿಷಯವಿತ್ತು. ಟ್ರಕ್ಕು ತಾನಾಗಿ ಕೆಟ್ಟಿರಲಿಲ್ಲ, ಯಾರೋ ಕೆಡಿಸಿದ್ದರು. ಮೋಟಾರಿನ ಸುತ್ತುತಂತಿ ಸುಟ್ಟಿತ್ತು, ನಡುವಿನ ಪ್ಲಾಸ್ಟಿಕ್ ಗೇರು ಸೀಳಿತ್ತು, ಒಂದು ಚಕ್ರ ಕಿತ್ತುಹೋಗಿತ್ತು. ಆದರೆ ಮುರಿದದ್ದೆಲ್ಲ ಪೇಟೆಯಲ್ಲಿ ಸಿಗುವಂಥದ್ದು, ಇಲ್ಲವೇ ಮತ್ತೆ ಸುತ್ತಿ ಸರಿಮಾಡುವಂಥದ್ದು. ಎಲ್ಲೂ ಸಿಗದ ಹಿತ್ತಾಳೆ ಗೇರಿಗೆ ಒಂದು ಗೀರೂ ಬಿದ್ದಿರಲಿಲ್ಲ. ಮುರಿದವರಿಗೆ ಮುರಿಯುವ ಮನಸ್ಸಿರಲಿಲ್ಲ.

ಈಗ ಈ ಮೇಣ. ಅವಳು ಕಿಟಕಿಯ ಬಳಿ ಹೋಗಿ ಬೆಳಕಿಗೆ ಹಿಡಿದಳು. ಹಳೆಯ ಮೇಣ ಕಪ್ಪಾಗಿ ಕಲ್ಲಾಗುತ್ತದೆ. ಇದಿನ್ನೂ ಕಂದು, ಉಗುರಿಗೆ ಅಂಟುತ್ತಿದೆ. ಈ ವರ್ಷದ ಹಲಸಿನದ್ದು. ಶಾಕ್ ಅಬ್ಸಾರ್ಬರಿನ ಪುಟ್ಟ ಕೊಳವೆಗಳಿಂದ ನಿನ್ನೆ ಸುರಿದದ್ದು ಕೊಬ್ಬರಿ ಎಣ್ಣೆ. ಮಾಗಿಯ ಚಳಿಗೆ ಹೆಪ್ಪುಗಟ್ಟಿ ಕೂರುವ ಎಣ್ಣೆಯನ್ನು ಈ ಕಡೆಯವರು ಬೇಸಗೆಯಲ್ಲಿ ಮಾತ್ರ ಮರೆತು ಹಾಕಿಯಾರು. ಅಂದರೆ ಟ್ರಕ್ಕು ಕಳೆದ ದೀಪಾವಳಿಯಿಂದ ತನ್ನ ಗುಜರಿಯಲ್ಲೇ ಮುಟ್ಟದೆ ಬಿದ್ದಿತ್ತು ಎಂದು ವಾಸಪ್ಪ ಹೇಳಿದ್ದು ಸುಳ್ಳು.

ಮೇಣದ ಮೂಲೆಯಲ್ಲಿ ಹೆಬ್ಬೆರಳಿನ ಒತ್ತು ಇತ್ತು. ಸಣ್ಣ ಬೆರಳು. ಅಂಟದಿರಲೆಂದು ಎಣ್ಣೆ ಸವರಿಕೊಂಡು ಒತ್ತಿದ್ದರಿಂದ ಅಚ್ಚು ಚೊಕ್ಕವಾಗಿ ಬಿದ್ದಿತ್ತು, ಉಗುರಿನ ಅಂಚೂ ಕಾಣುತ್ತಿತ್ತು. ಆದರೆ ಗೆರೆಗಳೇ ಇಲ್ಲ. ತೊಳೆದಿಟ್ಟ ಬಟ್ಟಲಿನ ಹಾಗೆ ನುಣುಪು.

ಪಕ್ಕದ ಮನೆಯ ಶಂಕರಮ್ಮ ಪಡಿತರದ ಅಂಗಡಿಯಿಂದ ಪ್ರತಿ ತಿಂಗಳೂ ಬೈಯುತ್ತ ಬರುವುದು ಅವಳಿಗೆ ನೆನಪಾಯಿತು. ಮೂವತ್ತು ವರ್ಷ ಅಡಿಕೆ ಸುಲಿದ ಶಂಕರಮ್ಮನ ಹೆಬ್ಬೆರಳನ್ನು ಅಲ್ಲಿನ ಹೆಬ್ಬೆಟ್ಟಿನ ಮಿಷನ್ನು ಒಪ್ಪುವುದೇ ಇಲ್ಲ. ಗೆರೆಯೆಲ್ಲ ಸಿಪ್ಪೆಗೆ ಹೋಯ್ತು ಅನ್ನುತ್ತಾಳೆ.

ವಾಸಪ್ಪನ ಗುಜರಿಯ ಹಿಂದೆ, ಅವನ ಮನೆಯ ಸೂರಿನ ಕೆಳಗೆ, ಅಡಿಕೆ ಸುಲಿಯುವ ಮೆಟ್ಟುಕತ್ತಿಯೊಂದು ನೇತಾಡುತ್ತಿದ್ದುದನ್ನು ಸರ್ವಮಂಗಳಾ ಕಂಡಿದ್ದಳು. ಆ ಮನೆಯಲ್ಲಿದ್ದ ಹೆಂಗಸು ಒಬ್ಬಳೇ.

ಮಧ್ಯಾಹ್ನದೊಳಗೆ ಟ್ರಕ್ಕು ಎದ್ದಿತು. ಮೋಟಾರನ್ನು ಅವಳೇ ಹೊಸ ತಂತಿಯಿಂದ ಸುತ್ತಿದ್ದಳು, ಮೊದಲಿಗಿಂತ ಒಂದು ಎಳೆ ದಪ್ಪದ್ದು. ಸವೆದ ಬುಷ್‌ಗಳ ಜಾಗದಲ್ಲಿ ಉಗುರಿನಷ್ಟು ಬೇರಿಂಗ್ ಕೂರಿಸಿದಳು. ಸೀಳಿದ ಗೇರಿಗೆ ಬದಲು ಕೊಪ್ಪದಲ್ಲಿ ಸಿಕ್ಕ ಹೊಸದು. ಮೇಜಿನ ಮೇಲೆ ಅಂಗಾತ ಮಲಗಿಸಿ ಚಕ್ರಗಳು ಎರಡೂ ಬದಿಗೆ ತಿರುಗುತ್ತವೆ ಎಂದು ನೋಡಿಕೊಂಡು, ಮೂರು ಕೆಜಿ ತಂತಿಯ ಉರುಳೆಯನ್ನು ಕೊಕ್ಕೆಗೆ ಸಿಕ್ಕಿಸಿ ನೆಲಕ್ಕಿಟ್ಟಳು.

ಅಂಗಡಿಯಲ್ಲಿ ತಿರುಗಿಸಲು ಜಾಗವಿರಲಿಲ್ಲ, ನೇರವಾಗಿ ಬಿಟ್ಟಳು. ಟ್ರಕ್ಕು ಒಮ್ಮೆ ಮೂತಿ ಎತ್ತಿ, ಯೋಚಿಸಿದಂತೆ ನಿಂತು, ಆಮೇಲೆ ಉರುಳೆಯನ್ನು ಎಳೆದುಕೊಂಡು ಗೋಡೆಯ ತನಕ ಹೋಯಿತು. ಹಿತ್ತಾಳೆ ಗೇರು ಸದ್ದೇ ಮಾಡಲಿಲ್ಲ.

ಸರ್ವಮಂಗಳಾ ನೆಲದ ಮೇಲೆ ಕೂತೇ ನಕ್ಕಳು. ಕಾಣದವಳೊಬ್ಬಳು ಅರ್ಧ ಮಾಡಿಟ್ಟ ಕೆಲಸವನ್ನು ತಾನು ಮುಗಿಸಿದ ಹಾಗೆ. ಜೊತೆಯಲ್ಲಿ ಕೆಲಸ ಮಾಡುವ ಸುಖ ಅವಳಿಗೆ ಈ ಇಪ್ಪತ್ತೆರಡು ವರ್ಷದಲ್ಲಿ ಸಿಕ್ಕಿರಲಿಲ್ಲ.

ವಾಸಪ್ಪ ಭಾನುವಾರ ಮಧ್ಯಾಹ್ನ ಗುಜರಿ ತುಂಬಿಕೊಂಡು ಹೊರಗೆ ಹೋಗುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಸ್ಕೂಟರಿನ ಕಾಲಿಡುವ ಜಾಗದಲ್ಲಿ ಟ್ರಕ್ಕನ್ನು ಚೀಲದಲ್ಲಿಟ್ಟುಕೊಂಡು ಅವಳು ಶೆಟ್ಟಿಕೊಪ್ಪ ತಲುಪಿದಾಗ ಮೂರು ಗಂಟೆ.

ವಾಸಪ್ಪನ ಹೆಂಡತಿ ಸುಲೋಚನಮ್ಮ ಅಂಗಳದಲ್ಲಿ ಕಾಲು ಚಾಚಿ ಕೂತು ಸುಟ್ಟ ಫ್ಯಾನಿನಿಂದ ತಾಮ್ರದ ತಂತಿ ಬಿಡಿಸುತ್ತಿದ್ದಳು. ಐವತ್ತೈದರ ಸಣ್ಣ ಮೈಯ ಹೆಂಗಸು, ಹಣೆಯ ಮೇಲೆ ವಿಭೂತಿ, ಮೊಣಕೈ ತನಕ ಮಸಿ. ಯಜಮಾನರಿಲ್ಲ, ನಾಳೆ ಬನ್ನಿ ಎಂದಳು ತಲೆ ಎತ್ತದೆ.

ಸರ್ವಮಂಗಳಾ ಚೀಲದಿಂದ ಟ್ರಕ್ಕು ತೆಗೆದು ನೆಲಕ್ಕಿಟ್ಟು ರಿಮೋಟ್ ಒತ್ತಿದಳು.

ಟ್ರಕ್ಕು ಅಂಗಳದ ನಡುವೆ ಹೊರಟಿತು. ಸುಲೋಚನಮ್ಮನ ಕೈ ತಂತಿಯ ಮೇಲೆ ನಿಂತಿತು. ಸತ್ತಿತೆಂದು ಬಿಟ್ಟ ಹಸು ಕೊಟ್ಟಿಗೆಗೆ ನಡೆದು ಬಂದರೆ ನೋಡುವ ಹಾಗೆ ಅವಳು ಅದನ್ನೇ ನೋಡಿದಳು. ಅದು ಹತ್ತಿರ ಬಂದು ನಿಂತಾಗ ಕಿವಿ ಬಗ್ಗಿಸಿ ಸದ್ದು ಕೇಳಿದಳು.

"ಗೇರಿಗೆ ಗ್ರೀಸು ಜಾಸ್ತಿ ಹಾಕಿದೀರಿ," ಎಂದಳು. "ಧೂಳು ಹಿಡ್ಕಂಡು ಹಲ್ಲು ತಿನ್ನುತ್ತೆ."

"ಮತ್ತೆ ಎಂತ ಹಾಕ್ಬೇಕಿತ್ತು?"

"ಹೊಲಿಗೆ ಮಿಷನ್ ಎಣ್ಣೆ. ಎರಡು ತೊಟ್ಟು ಸಾಕು." ಹೇಳಿ ಮುಗಿಸಿದ ಮೇಲೆ ಅವಳ ಮುಖದ ಬಣ್ಣ ಇಳಿಯಿತು.

ಸರ್ವಮಂಗಳಾ ಅವಳೆದುರು ಕುಕ್ಕುರುಗಾಲಲ್ಲಿ ಕೂತಳು. "ಶಾಕಿಗೆ ಕೊಬ್ಬರಿ ಎಣ್ಣೆ ಹಾಕಿದ್ರಲ್ಲ ಸುಲೋಚನಮ್ಮ, ಮಾಗಿ ಚಳೀಲಿ ಎಂತ ಮಾಡ್ತಿದ್ರಿ?"

ಸುಲೋಚನಮ್ಮ ಕೈಲಿದ್ದ ತಂತಿಯನ್ನು ಸುತ್ತಿ ಬದಿಗಿಟ್ಟಳು. ಆಮೇಲೆ, ಅಷ್ಟರ ತನಕ ಇದನ್ನ ಯಾರು ಇಟ್ಕಂತಿದ್ರು ಮಾರಾಯ್ತಿ ಎಂದಳು. ತುಟಿಯ ತುದಿಯಲ್ಲಿ ನಗು ಬಂದು ಹೋಯಿತು.

ಒಂದು ಸಲ ಬಾಯಿ ಬಿಟ್ಟ ಮೇಲೆ ಅವಳು ನಿಲ್ಲಿಸಲಿಲ್ಲ. ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವುದು, ಉಳಿದಾಗ ಗುಜರಿ. ಇಪ್ಪತ್ತು ವರ್ಷ ತಾಮ್ರಕ್ಕಾಗಿ ಮಿಷನ್ನುಗಳನ್ನು ಒಡೆದಿದ್ದಳು. ಒಡೆಯುವ ಮೊದಲು ಪ್ರತಿಯೊಂದನ್ನೂ ಒಮ್ಮೆ ಬಿಚ್ಚಿ, ಯಾಕೆ ಹೀಗೆ ಕೂರಿಸಿದ್ದಾರೆ ಎಂದು ನೋಡಿದ್ದಳು. ಕೊಪ್ಪದ ಯಾವುದೋ ಮನೆಯವರು ಗುಜರಿಗೆ ಹಾಕಿದ ಈ ಟ್ರಕ್ಕನ್ನು ಒಡೆಯಲು ಮನಸ್ಸಾಗದೆ ಅಕ್ಕಿ ಡಬ್ಬದ ಹಿಂದೆ ಇಟ್ಟುಕೊಂಡಿದ್ದಳು. ಗಂಡನಿಗೆ ಗೊತ್ತಾಗಿ, ಬಂದವರಿಗೆಲ್ಲ ತಾನು ಮಾಡಿದ್ದೆಂದು ಓಡಿಸಿ ತೋರಿಸತೊಡಗಿದ.

ಗೇರು ಮಾಡಲು ಎಷ್ಟು ದಿನ ಹಿಡಿಯಿತು ಎಂದು ಸರ್ವಮಂಗಳಾ ಕೇಳಿದಳು. ಕೇಳಬೇಕಾದ ಮೊದಲ ಪ್ರಶ್ನೆ ಅದಾಗಿರಲಿಲ್ಲ. ಆದರೂ ಬಾಯಿಗೆ ಬಂದದ್ದು ಅದೇ.

"ಹನ್ನೊಂದು ದಿನ," ಎಂದಳು ಸುಲೋಚನಮ್ಮ. "ನಾಲ್ಕು ಹಾಳಾದ್ವು. ಐದನೇದು ಇದು."

ಇಬ್ಬರೂ ಗೇರನ್ನು ನೋಡಿದರು.

ಬಳಿಕ ಸರ್ವಮಂಗಳಾ ವಿಷಯಕ್ಕೆ ಬಂದಳು. ಚರಂಡಿ, ಕಂಡಿ, ಪೆಟ್ಟಿಗೆ, ನಾಳೆ ಹನ್ನೊಂದಕ್ಕೆ ಠಾಣೆಗೆ ಹೋಗಬೇಕಾದ ಹುಡುಗಿ. ಕೇಳುತ್ತ ಕೇಳುತ್ತ ಸುಲೋಚನಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು, ಮಸಿ ಹೋಗಲಿಲ್ಲ. ತನಗೆ ಇದಾವುದೂ ಗೊತ್ತಿರಲಿಲ್ಲ ಎಂದಳು. ಹೊಸ ಮನೆಯ ಚರಂಡಿಯೊಳಗೆ ಕರೆಂಟಿನ ವೈರು ಎಳೆಯಬೇಕು, ಮೂರು ಕೆಜಿ ಎಳೆಯುವ ಹಾಗೆ ಮಾಡಿಕೊಡಿ ಎಂದು ಕೇಳಿದ್ದರು. ಕೆಲಸ ಮುಗಿದ ಮೇಲೆ ವಾಪಸು ತಂದು, ಪುಡಿಪುಡಿ ಮಾಡಿ ಹಾಕಿ ಎಂದಿದ್ದರು. ಗಂಡನೂ ಹಾಗೇ ಹೇಳಿದ್ದ.

"ಸುತ್ತಿಗೆ ಎತ್ತಿದ್ದೆ," ಎಂದಳು. "ಕೈ ಬರ್ಲಿಲ್ಲ. ಯಾರಾದ್ರೂ ತಿಳಿದವ್ರು ಕಂಡ್ರೆ ಎಬ್ಬಿಸ್ಲಿ ಅಂತ ಅಷ್ಟಕ್ಕೇ ಬಿಟ್ಟೆ."

"ಕೇಳಿದ್ದು ಯಾರು?"

"ಮಂಡಿ ರೇಣುಕಪ್ಪೋರ ಮಗ. ರಾಜಶೇಖರ್."

ಚೈತ್ರಳ ಹೆಸರು ಬರೆದು ಠಾಣೆಗೆ ದೂರು ಕೊಟ್ಟವನು ಅದೇ ರಾಜಶೇಖರ್. ಸರ್ವಮಂಗಳಾಳ ಎದೆ ಹಗುರಾಯಿತು. ನಾಳೆ ಠಾಣೆಗೆ ಬಂದು ಇದನ್ನೇ ಹೇಳಬಹುದೇ ಎಂದು ಅವಳು ಹೆದರುತ್ತಲೇ ಕೇಳಿದಳು. ಪೊಲೀಸರು ಇವಳನ್ನೇ ಕಳ್ಳರ ಜೊತೆಗಾತಿ ಎಂದರೆ?

ಸುಲೋಚನಮ್ಮ ಹೆದರಲಿಲ್ಲ. "ಬತ್ತೀನಿ," ಎಂದಳು. "ಇದನ್ನ ಮಾಡಿದ್ದು ನಾನು ಅಂತ ಒಂದು ಕಡೆಯಾದ್ರೂ ಬರೆದುಕೊಳ್ಲಿ. ಠಾಣೆಯಾದ್ರೆ ಠಾಣೆ."

ಸರ್ವಮಂಗಳಾ ಹೊರಡಲು ಎದ್ದಳು. ರಿಮೋಟ್ ಎತ್ತಿಕೊಂಡು ಟ್ರಕ್ಕನ್ನು ಗೇಟಿನ ಕಡೆ ತಿರುಗಿಸಲು ಹೋದಳು. ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಹೋಗಿ ಕಬ್ಬಿಣದ ರಾಶಿಗೆ ಮೂತಿ ಹೊಡೆಯಿತು. ಸರಿಮಾಡಲು ಹೋದರೆ ಮತ್ತೊಂದು ಬದಿಯ ಬಕೆಟ್ಟಿಗೆ.

ಸುಲೋಚನಮ್ಮ ಈಗ ಬಾಯಿ ತುಂಬ ನಕ್ಕಳು. ದೊಡ್ಡ ಬ್ಯಾಟರಿಗೆ ಜಾಗ ಸಾಲದೆ ಚಕ್ರ ತಿರುಗಿಸುವ ಪುಟ್ಟ ಮೋಟಾರನ್ನು ತಲೆಕೆಳಗಾಗಿ ಕೂರಿಸಿದ್ದಳಂತೆ. ಅದರಿಂದ ಎಡ ಬಲವಾಯ್ತು, ಬಲ ಎಡವಾಯ್ತು. ಕೈ ಕೂರಲು ಎರಡು ದಿನ ಬೇಕು. ತನ್ನ ಗಂಡನಿಗೂ ಆಮೇಲೆ ಇದು ಬಗ್ಗಲಿಲ್ಲ. ರಾಜಶೇಖರನಂತೂ ನಾಲ್ಕು ಸಲ ಗೋಡೆಗೆ ಹೊಡೆದು ರಿಮೋಟ್ ಬಿಸಾಡಿದ.

"ಹಾಗಾದ್ರೆ ಚರಂಡಿ ತಿರುವಿನಲ್ಲಿ ಓಡಿಸಿದ್ದು ಯಾರು?"

"ಅವನ ಜೊತೆ ಬಂದ ಹುಡುಗಿ," ಎಂದಳು ಸುಲೋಚನಮ್ಮ, ಅದು ಎಲ್ಲರಿಗೂ ಗೊತ್ತಿರುವ ಸಂಗತಿಯೆಂಬಂತೆ. ಟ್ರಕ್ಕು ಕೊಂಡೊಯ್ಯುವ ಮೊದಲು, ಬಸವ ಜಯಂತಿಯ ದಿನ, ಮಂಡಿಗೆ ರಜೆ. ಬೆಳಗ್ಗೆಯಿಂದ ಸಂಜೆ ತನಕ ಇಬ್ಬರೂ ಇಲ್ಲೇ ಇದ್ದರು. ಹುಡುಗಿ ಹೆಲ್ಮೆಟ್ ತೆಗೆಯಲಿಲ್ಲ, ಮುಖಕ್ಕೆ ವೇಲು. ಮೊದಮೊದಲು ಅವಳೂ ಹೊಡೆದಳು. ಸಂಜೆಯಷ್ಟರಲ್ಲಿ ಕಲ್ಲುಗಳ ನಡುವೆ ಹೂವು ಕಟ್ಟಿದಷ್ಟು ಸಲೀಸಾಗಿ ಓಡಿಸುತ್ತಿದ್ದಳು. "ಮುಖ ನಂಗೊತ್ತಿಲ್ಲ. ಕೈ ನೋಡಿದ್ರೆ ಗುರುತು ಹಿಡೀತೀನಿ. ಅಷ್ಟು ಚೆಂದ ಓಡಿಸಿದ ಕೈ ಮರೆಯಲ್ಲ."

ಸರ್ವಮಂಗಳಾ ಬಾಳಗಡಿಗೆ ಮರಳಿದಾಗ ಐದೂವರೆಯಾಗಿತ್ತು, ಬೆಳಕಿತ್ತು. ಚೈತ್ರ ಅಂಗಡಿಯೊಳಗೆ ಕಸ ಗುಡಿಸಿ, ಅವಳಿಗೆ ಚಹಾ ಮಾಡಿಟ್ಟು, ಸ್ಟೂಲಿನ ಮೇಲೆ ಕೂತು ಉಗುರು ಕಚ್ಚುತ್ತಿದ್ದಳು. ಈ ಹದಿನೆಂಟು ದಿನದಲ್ಲಿ ಹುಡುಗಿಯ ಕೆನ್ನೆ ಒಳಗೆ ಹೋಗಿತ್ತು.

"ಎಂತಾಯ್ತು ಮಂಗಳಕ್ಕ?"

ಓಡುತ್ತದೆ, ಎಳೆಯುತ್ತದೆ ಎಂದು ಸರ್ವಮಂಗಳಾ ಹೇಳಿದಳು. ಅಷ್ಟೇ ಹೇಳಿದಳು. ಚೈತ್ರ ಎದ್ದು ಬಂದು ಅವಳ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಅವಳ ಕಣ್ಣಲ್ಲಿ ನೀರಿತ್ತು. ಆ ನೀರು ಸುಳ್ಳಾಗಿರಲಿಲ್ಲ. ಅದು ಸರ್ವಮಂಗಳಾಳಿಗೆ ಚೆನ್ನಾಗಿ ಗೊತ್ತಿತ್ತು.

ತಾನು ಯಾಕೆ ಹಾಗೆ ಮಾಡಿದೆ ಎಂದು ಆಮೇಲೆ ಎಷ್ಟು ಯೋಚಿಸಿದರೂ ಅವಳಿಗೆ ಹೊಳೆಯಲಿಲ್ಲ. ಚೈತ್ರಳ ಮೇಲೆ ಅನುಮಾನವಿರಲಿಲ್ಲ. ಅನುಮಾನ ಬರಬಾರದು ಎಂದೇ ಮಾಡಿದ್ದಿರಬೇಕು. ಟ್ರಕ್ಕನ್ನು ಬಾಗಿಲ ಬಳಿ ನೆಲಕ್ಕಿಟ್ಟು, ಮೇಜಿನ ಹತ್ತಿರ ಬಂದು ಚಹಾ ಲೋಟ ಎತ್ತಿಕೊಂಡಳು. ನನ್ನ ಕೈಯೆಲ್ಲ ಗ್ರೀಸು, ಅದನ್ನು ಇಲ್ಲಿ ತನಕ ಓಡಿಸಿಕೊಂಡು ಬಾ ಎಂದಳು.

ಬಾಗಿಲಿಗೂ ಮೇಜಿಗೂ ನಡುವೆ ಎರಡು ಗ್ರೈಂಡರು, ಒಂದು ಸ್ಟೂಲು, ನೀರಿನ ಕೊಡ ಇದ್ದವು.

ಚೈತ್ರ ಕಣ್ಣೊರೆಸಿಕೊಂಡು ರಿಮೋಟ್ ಎತ್ತಿಕೊಂಡಳು. ನಾಳೆ ಠಾಣೆಯಲ್ಲಿ ಏನೇನು ಕೇಳಬಹುದು ಎಂದು ಮಾತಾಡುತ್ತಲೇ ಒತ್ತಿದಳು. ಟ್ರಕ್ಕು ಮೊದಲ ಗ್ರೈಂಡರನ್ನು ಸುತ್ತಿ ಬಂತು, ಸ್ಟೂಲಿನ ಕಾಲುಗಳ ನಡುವೆ ನುಸುಳಿತು, ಕೊಡದ ಪಕ್ಕ ಬೆರಳಗಲ ಬಿಟ್ಟು ಬಾಗಿತು, ಎಲ್ಲೂ ತಾಗಲಿಲ್ಲ. ಸರ್ವಮಂಗಳಾಳ ಪಾದದ ಮುಂದೆ ಬಂದು ನಿಂತಿತು. ಹುಡುಗಿ ಮಾತು ನಿಲ್ಲಿಸಿರಲೂ ಇಲ್ಲ.

ಎಷ್ಟು ಚೆಂದ ಓಡಿಸಿದಳು ಎಂಬುದೇ ಸರ್ವಮಂಗಳಾಳಿಗೆ ಮೊದಲು ಅನಿಸಿದ್ದು. ಆಮೇಲೆ ಅವಳು ಲೋಟವನ್ನು ಮೇಜಿನ ಮೇಲಿಟ್ಟಳು.

ಕೀಲಿ ಇದ್ದವಳಿಗೆ ಈ ಟ್ರಕ್ಕು ಎಂತಕ್ಕೆ? ತನ್ನ ಮೇಲೆ ದೂರು ಕೊಟ್ಟವನ ಜೊತೆ ಇಡೀ ದಿನ ಕೂತು ಕಲಿತದ್ದು ಎಂತಕ್ಕೆ? ಯಾರ ಹೆದರಿಕೆಗೆ, ಯಾರ ಮೇಲಿನ ಆಸೆಗೆ? ಬಸವ ಜಯಂತಿಯ ದಿನ ನೆಮ್ಮಾರ್‌ನ ಚಿಕ್ಕಮ್ಮ ಅನ್ನಪೂರ್ಣಮ್ಮನ ಮನೆಗೆ ಹೋಗಿದ್ದೆ ಎಂದು ಹುಡುಗಿ, ಕಳವಿನ ಮೊದಲಿನ ದಿನಗಳ ಲೆಕ್ಕ ಕೇಳಿದ ಪೊಲೀಸರಿಗೂ ಬರೆದುಕೊಟ್ಟಿದ್ದಳು. ನಾಳೆ ಹನ್ನೊಂದಕ್ಕೆ ಸುಲೋಚನಮ್ಮ ತನ್ನ ಕೆಲಸಕ್ಕೆ ತನ್ನ ಹೆಸರು ಬರೆಸಲು ಠಾಣೆಗೆ ಬರುತ್ತಾಳೆ. ಅಲ್ಲಿ ಬೆಂಚಿನ ಮೇಲೆ ಈ ಕೈಗಳು ಇರುತ್ತವೆ.

"ನಾಳೆ ನೀವೂ ಬತ್ತೀರಲ್ಲ ಮಂಗಳಕ್ಕ?" ಚೈತ್ರ ಕೇಳಿದಳು.

"ಬತ್ತೀನಿ," ಎಂದಳು ಸರ್ವಮಂಗಳಾ.

ಲೋಟ ತೊಳೆದು ಬೋರಲು ಹಾಕಿದಳು. ಇನ್ನು ಯಾರೂ ಓಡಿಸದಂತೆ ಟ್ರಕ್ಕಿನ ಬ್ಯಾಟರಿ ಬಿಚ್ಚಿ ತನ್ನ ಚೀಲದ ತಳಕ್ಕೆ ಹಾಕಿಕೊಂಡಳು, ತಂತಿಯ ತುದಿ ತಾಗದಂತೆ ಬಟ್ಟೆ ಸುತ್ತಿ. ಪೇಟೆಯಿಂದ ಬಂದ ಸುಂದರೇಶ ಎಷ್ಟೊತ್ತಿಗೆ ಊಟ ಎಂದು ಕೇಳಿದಾಗ, ನಾಳೆ ಬೆಳಗ್ಗೆ ಬೇಗ ಒಂದು ಪಂಪ್‌ಸೆಟ್ ನೋಡಲು ಹೋಗಬೇಕಿದೆ, ತಿಂಡಿ ಮಾಡಿಟ್ಟು ಹೋಗುತ್ತೇನೆ ಎಂದಳು. ಎಲ್ಲಿಗೆ ಎಂದು ಅವನು ಕೇಳಲಿಲ್ಲ. ಶೃಂಗೇರಿಯ ಮೇಲೆ ನೆಮ್ಮಾರ್ ಕಡೆಗೆ ಹೋಗುವ ಮೊದಲ ಬಸ್ಸು ಆರೂಕಾಲಿಗೆ. ಹನ್ನೊಂದರೊಳಗೆ ಠಾಣೆಗೆ ಬಂದು ಸೇರಬಹುದು. ಅಲ್ಲಿ ಯಾರ ಪರ ಬಾಯಿ ಬಿಡುವುದೆಂದು ಬಸವ ಜಯಂತಿಯ ದಿನ ಚೈತ್ರ ಅಲ್ಲಿಗೆ ಬಂದಿದ್ದಳೇ ಎಂದು ಅನ್ನಪೂರ್ಣಮ್ಮನನ್ನು ಕೇಳಿದ ಮೇಲೆ ನೋಡಿದರಾಯಿತು.

ಅವಳು ಅಂಗಡಿಯ ಶಟರ್ ಎಳೆದು, ನಾಳೆಯ ತಿಂಡಿಗೆ ಅಕ್ಕಿ ನೆನೆಹಾಕಲು ಒಳಗೆ ಹೋದಳು.